ಮೂವತ್ತೊಂದನೇ ನಂಬರಿನ ಅಭ್ಯರ್ಥಿ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ, ನಮ್ಮ ಮನೆಗೆ ಫಜೀತಿಗಳು ಬರುತ್ತವೆ. ಮದುವೆಯಾಗಿ ಹದಿನಾರು ವರ್ಷ, ಡಚ್ಚರ ದೇಶದ ಈ ಜೂಟರ್‌ಮೀರ್‌ಗೆ ಬಂದು ಏಳು ವರ್ಷ, ಯಾವ ವರ್ಷವೂ ಖಾಲಿ ಹೋಗಿಲ್ಲ. ಕೊರೊನಾ ಬಂದಾಗ ಎಲ್ಲರೂ ಮನೆಯಿಂದ ಕೆಲಸ ಶುರುಮಾಡಿದರು, ನಮ್ಮ ಫಜೀತಿಗಳೂ ಮನೆಯಿಂದಲೇ ಕೆಲಸ ಶುರುಮಾಡಿದವು. ಆ ಕಾಲದಲ್ಲಿ ನಮ್ಮ ಮನೆಯವರು ನಗರಸಭೆ ಚುನಾವಣೆಗೆ ನಿಂತರು. ಈ ಕಥೆಯಲ್ಲಿ ನಾನು ಅಷ್ಟೇನೂ ಒಳ್ಳೆಯವಳಲ್ಲ. ಆದರೂ ನಾನೇ ಹೇಳುತ್ತೇನೆ, ಯಾಕೆಂದರೆ ಅವರು ಹೇಳಿದರೆ ನಾನು ಇನ್ನೂ ಕೆಟ್ಟವಳಾಗುತ್ತೇನೆ.

ಟಿಕೆಟ್ ಸಿಕ್ಕಿದ್ದು

ನಮ್ಮ ಓಣಿಯಲ್ಲಿ ನಿವೃತ್ತ ಡ್ರಿಲ್ ಮಾಸ್ತರರೊಬ್ಬರಿದ್ದಾರೆ. ನಮ್ಮ ಊರಿಗಷ್ಟೇ ಸೇರಿದ ಒಂದು ಸಣ್ಣ ಪಾರ್ಟಿಗೆ ಅವರೇ ಮುಖಂಡರು. ಲಾಕ್‌ಡೌನಿನ ಆ ಚಳಿಗಾಲದಲ್ಲಿ, ಮನೆಗೆ ಇಷ್ಟೇ ಜನ ಬರಬೇಕೆಂಬ ನಿಯಮವಿದ್ದಾಗ, ಒಂದು ಮಧ್ಯಾಹ್ನ ಒಬ್ಬರೇ ಬಂದು ಕೂತರು. ಐದು ವರ್ಷ ಇಲ್ಲಿದ್ದರೆ ಪರದೇಶದವರೂ ನಗರಸಭೆಗೆ ಮತ ಹಾಕಬಹುದು, ನಿಲ್ಲಲೂಬಹುದು, ಪಟ್ಟಿ ತುಂಬಿಸಲು ಒಂದು ಹೆಸರು ಕಡಿಮೆ ಬಿದ್ದಿದೆ, ನೀವು ಏನೂ ಮಾಡಬೇಕಾಗಿಲ್ಲ, ಹೆಸರಿದ್ದರೆ ಸಾಕು ಎಂದರು. ಅಷ್ಟರಲ್ಲಿ ಅವರು ಎರಡು ತಾಟು ಚೂಡಾ ತಿಂದಿದ್ದರು. ನಮ್ಮ ಮನೆಯ ಚೂಡಾ ತಿಂದವರಿಗೆ ನಮ್ಮ ಮನೆಯವರು ಇಲ್ಲ ಅಂದದ್ದು ನಾನು ನೋಡಿಲ್ಲ.

ಮಾಸ್ತರರು ಹೋದದ್ದೇ ತಡ, ಇವರು ಗದಗಿನಲ್ಲಿರುವ ತಮ್ಮ ಅಣ್ಣನಿಗೆ ಫೋನ್ ಹಚ್ಚಿದರು.

"ಟಿಕೆಟ್ ಸಿಕ್ಕೈತಿ ಅಣ್ಣಾ."

"ಊರಿಗೆ ಬರಾಕತ್ತೀಯೇನು?"

"ವಿಮಾನದ್ದಲ್ಲ. ನಗರಸಭಾದ್ದು."

ಅಣ್ಣನ ದನಿಗೇ ಒಂದು ಗತ್ತು ಬಂತು. "ಚಿಹ್ನೆ ಯಾವ್ದು?"

"ಇಲ್ಲೆ ಚಿಹ್ನೆ ಇರಂಗಿಲ್ಲ. ಪಟ್ಟಿಯೊಳಗ ನಂಬರ್ ಇರ್ತೈತಿ. ನಂದು ಮೂವತ್ತೊಂದು, ಕಡೀದು."

"ಇರ್ಲಿ. ಎದುರಿಗೆ ಯಾರ್ ನಿಂತಾರ?"

ನಮ್ಮ ಮನೆಯವರು ಪಟ್ಟಿ ನೋಡಿ ಪ್ರಾಮಾಣಿಕವಾಗಿ ಹೇಳಿದರು. "ಸದ್ಯಕ್ಕ ನಮ್ಮ ಪಾರ್ಟಿಯವ್ರೇ ಮೂವತ್ತು ಮಂದಿ."

ಸೊನ್ನೆಯ ಭಯ

ಅಣ್ಣ ಸಂಜೆಯೊಳಗೆ ಗದಗಿನ ತಮ್ಮ ಓಣಿಗೆಲ್ಲ ಹೇಳಿಬಿಟ್ಟರು. "ಫಲಿತಾಂಶ ಬಂದ ಕೂಡ್ಲೆ ಎಷ್ಟು ಓಟು ಬಂದ್ವು ಹೇಳು, ಮಂದಿ ಕೇಳಾಕತ್ತಾರ" ಅಂತ ಮರುದಿನವೇ ಸಂದೇಶ. ಅದೇ ವಾರ ನಮ್ಮ ಮನೆಯವರಿಗೆ ಇನ್ನೊಂದು ವಿಷಯ ತಿಳಿಯಿತು. ಇಲ್ಲಿ ಪಟ್ಟಿಯ ಯಾವುದಾದರೂ ಒಂದು ಹೆಸರಿಗೆ ಮತ ಹಾಕುವುದು, ಯಾರಿಗೆ ಎಷ್ಟು ಮತ ಎಂಬುದನ್ನು ಖೆಮೇಂಟೆ, ಅಂದರೆ ನಗರಸಭೆಯವರು, ಪಟ್ಟಿಯ ಕಟ್ಟಕಡೆಯ ಹೆಸರಿನವರೆಗೂ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಯಾರು ಬೇಕಾದರೂ ನೋಡಬಹುದು, ಗದಗಿನಿಂದಲೂ ನೋಡಬಹುದು.

ಅಂದಿನಿಂದ ಅವರ ನಿದ್ದೆ ಹೋಯಿತು. "ಗೆಲ್ಲೂದು ಬ್ಯಾಡ. ಸೊನ್ನೆ ಅಂತ ಬಂತಂದ್ರ ಹೆಂಗ ಮಾರಿ ತೋರಿಸ್ಲಿ?" ಎಂದು ಊಟಕ್ಕೆ ಕೂತಾಗಲೂ ಅದೇ. ಹನ್ನೆರಡು ವರ್ಷದ ಮಗಳು ಸಮಾಧಾನ ಮಾಡಲು ಹೋದಳು. "ಪಪ್ಪಾ, ನೋಬಡಿ ರೀಡ್ಸ್ ಅಪ್ ಟು ಥರ್ಟಿ ಒನ್." ಅವತ್ತು ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಪ್ರಚಾರ

ಏನೂ ಮಾಡಬೇಕಾಗಿಲ್ಲ ಎಂದವರ ಮಾತು ಮರೆತು ನಮ್ಮ ಮನೆಯವರು ಕರಪತ್ರ ಹಂಚಲು ಹೊರಟರು. ಡಚ್ಚಿನಲ್ಲಿ ಒಂದು ಉದ್ದದ ವಾಕ್ಯ ಕಟ್ಟಿಕೊಂಡು, ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುತ್ತ ಗಟ್ಟಿಯಾಗಿ ಬಾಯಿಪಾಠ. ಇಲ್ಲಿ ಬಹಳ ಮನೆಗಳ ಟಪಾಲು ಡಬ್ಬಿಯ ಮೇಲೆ ಜಾಹೀರಾತು ಹಾಕಬೇಡಿ ಎಂದು ಚೀಟಿ ಅಂಟಿಸಿರುತ್ತದೆ. ಉಳಿದ ಪಾರ್ಟಿಯವರು ಅಂಥ ಮನೆ ಬಿಟ್ಟು ಮುಂದೆ ಹೋಗುತ್ತಾರೆ. ಇವರು ಬಿಡುವವರಲ್ಲ, ನಿಯಮ ಮುರಿಯುವವರೂ ಅಲ್ಲ. ಗಂಟೆ ಬಾರಿಸಿ, ಮಾಸ್ಕ್ ಹಾಕಿಕೊಂಡು, ಎರಡು ಮೀಟರ್ ಹಿಂದೆ ಸರಿದು ನಿಂತು, ಹಾಕಲೇ ಬೇಡವೇ ಎಂದು ಕೇಳುವುದು.

ಆ ಎರಡು ವರ್ಷ ಜನ ಎಲ್ಲವನ್ನೂ ಮನೆಗೇ ತರಿಸಿಕೊಳ್ಳುತ್ತಿದ್ದರು. ಮಾಸ್ಕ್ ಹಾಕಿಕೊಂಡು ಗಂಟೆ ಬಾರಿಸಿ ಹಿಂದೆ ಸರಿದು ನಿಲ್ಲುವವನು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಒಬ್ಬ ಹೆಣ್ಣುಮಗಳು ಇವರ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ವಾಪಸ್ ಕಳಿಸಬೇಕಾದ ಎರಡು ಬೂಟಿನ ಡಬ್ಬಿ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡಳು. ಮತ್ತೆ ಗಂಟೆ ಬಾರಿಸಲು ಇವರಿಗೆ ಸಂಕೋಚ. ಪಾರ್ಸೆಲ್ ತೆಗೆದುಕೊಳ್ಳುವ ಅಂಗಡಿತನಕ ನಡೆದು ಅವನ್ನು ಕೊಟ್ಟು, ರಸೀದಿಯನ್ನು ಅವಳ ಟಪಾಲು ಡಬ್ಬಿಗೆ ಹಾಕಿ ಬಂದರು.

"ಕರಪತ್ರ ಹಾಕಿದ್ರೇನು?" ಅಂದೆ.

"ಹೆಂಗ್ ಹಾಕ್ಲಿ? ಆಕಿ ಹೂಂ ಅಂದಿಲ್ಲಲ್ಲ" ಅಂದರು.

ಭರವಸೆಗಳು

ನಮ್ಮ ಸುತ್ತಮುತ್ತ ಕನ್ನಡದವರ ಹದಿನಾಲ್ಕು ಮನೆಗಳಿವೆ. ಒಂದು ಭಾನುವಾರ ಎಲ್ಲರೂ ವಿಡಿಯೋ ಕಾಲಿನಲ್ಲಿ ಸೇರಿದರು. "ಸರ್, ಟೆನ್ಷನ್ ಬೇಡ, ಬ್ಲೈಂಡಾಗಿ ನಿಮ್ಗೇ ಹಾಕೋದು" ಅಂತ ಬೆಂಗಳೂರಿನ ಐಟಿ ಹುಡುಗರು. ನಮ್ಮ ಮನೆಯವರ ಮುಖ ಪೂರಿಯಂತೆ ಉಬ್ಬಿತು. ನಾನು ಸುಮ್ಮನಿರಲಾರದೆ, ಮತ ಹಾಕಲು ಬೇಕಾದ ಸ್ಟೆಂಪಾಸ್ ಎಂಬ ಕಾಗದ ಯಾರ್ಯಾರಿಗೆ ಟಪಾಲಿನಲ್ಲಿ ಬಂದಿದೆ ಎಂದು ಕೇಳಿಬಿಟ್ಟೆ.

ಒಬ್ಬರು ಬಂದು ನಾಲ್ಕು ವರ್ಷ ಎಂಟು ತಿಂಗಳು. ಇನ್ನೊಬ್ಬರು ಹೋದ ತಿಂಗಳಷ್ಟೇ ಕಾಪೆಲ್ಲೆ ಎಂಬ ಬೇರೆ ಊರಿಗೆ ಮನೆ ಬದಲಾಯಿಸಿದ್ದಾರೆ, "ಆದ್ರೆ ಮನಸ್ಸೆಲ್ಲ ಅಲ್ಲೇ ಇದೆ ಅಕ್ಕಾ" ಅಂದರು. ಮತ್ತೊಬ್ಬರು ಕಾಗದ ಬಂದಿತ್ತು, ಯಾವುದೋ ಪಿಜ್ಜಾ ಅಂಗಡಿಯದ್ದು ಅಂತ ರದ್ದಿಗೆ ಹಾಕಿದೆ ಎಂದರು. ಎಲ್ಲ ಸೋಸಿದ ಮೇಲೆ ಉಳಿದವರು ಐದೇ ಜನ. ಅಷ್ಟರಲ್ಲಿ ಒಬ್ಬರ ಮಾವ, ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದವರು, ಪರದೆಯ ಮೂಲೆಯಿಂದ ಮುಖ ತೂರಿಸಿದರು.

"ನನ್ನ ಓಟೂ ನಿಮಗೇ ಕಣಪ್ಪ. ಆಧಾರ್ ಕಾರ್ಡ್ ಜೊತೇಲೇ ತಂದಿದೀನಿ."

ಬಾಗಿಲ ಕೆಳಗಿನಿಂದ

ಮತದಾನಕ್ಕೆ ಎರಡು ದಿನ ಇರುವಾಗ ನಮ್ಮ ಮನೆಯವರಿಗೆ ಕೊರೊನಾ ಬಂತು. ಮೈಬಿಸಿ ಜಾಸ್ತಿ ಇರಲಿಲ್ಲ, ದುಃಖ ಜಾಸ್ತಿ ಇತ್ತು. ಅಟ್ಟದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಈ ದೇಶದಲ್ಲಿ ಹೋಗಲಾಗದವರು ತಮ್ಮ ಮತವನ್ನು ಇನ್ನೊಬ್ಬರ ಕೈಯಲ್ಲಿ ಹಾಕಿಸಬಹುದು. ಸ್ಟೆಂಪಾಸಿನ ಹಿಂದೆ ಸಹಿ ಮಾಡಿ, ಗುರುತಿನ ಚೀಟಿಯ ಪ್ರತಿ ಕೊಟ್ಟರಾಯಿತು. ಹಾಗೆ ಒಬ್ಬರು ತಮ್ಮ ಮತದ ಜೊತೆ ಇನ್ನಿಬ್ಬರದು ಒಯ್ಯಬಹುದು. ನಾನು ಪಾಸನ್ನು ಬಾಗಿಲ ಕೆಳಗಿನಿಂದ ತಳ್ಳಿದೆ, ಸಹಿ ಆಗಿ ವಾಪಸ್ ಬಂತು.

"ಯಾರಿಗೆ ಹಾಕ್ಲಿ?"

"ಪಟ್ಟಿಯೊಳಗ ಮೊದಲ್ನೇದವ್ರಿಗೆ ಹಾಕು. ಮಾಸ್ತರಿಗೆ."

"ಅಲ್ರೀ, ನಿಮಗ ನೀವ ಹಾಕ್ಕೋರಿ. ಸೊನ್ನಿ ಅರ ತಪ್ಪತೈತಿ."

"ಛೆ, ಚಲೋ ಕಾಣಂಗಿಲ್ಲ. ಮದುವಿ ಮನ್ಯಾಗ ತನ್ನ ಎಲಿಗೆ ತಾನ ಬಡಿಸ್ಕೊಂಡಂಗ ಆಗ್ತೈತಿ." ಸ್ವಲ್ಪ ಹೊತ್ತು ಕೆಮ್ಮಿ, ಮೆಲ್ಲಗೆ ಹೇಳಿದರು. "ಹೆಂಗೂ ನೀ ಅದೀಯಲ್ಲ."

ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಅದೇ ಸಂಜೆ ಪಕ್ಕದ ಮನೆಯ ಡಚ್ ಅಜ್ಜಿ ಅಡುಗೆಮನೆಯ ಕಿಟಕಿ ತಟ್ಟಿದರು. ಎಂಬತ್ತು ದಾಟಿದವರು, ಎರಡು ವರ್ಷದಿಂದ ಜನರ ನಡುವೆ ಹೋಗಿಲ್ಲ. ನಮ್ಮ ಒಗ್ಗರಣೆಯ ಘಾಟು ಬಿಟ್ಟರೆ ಬೇರೆ ವಿಷಯವನ್ನು ಅವರು ನನ್ನ ಹತ್ತಿರ ಮಾತಾಡಿದ್ದೇ ಕಡಿಮೆ. ಕೈಯಲ್ಲಿ ಸಹಿ ಮಾಡಿದ ಪಾಸು.

"ನನ್ನದೂ ಹಾಕಿ ಬರುತ್ತೀಯಾ? ನಿನ್ನ ಗಂಡನ ಪಾರ್ಟಿ, ನಂಬರ್ ಮೂವತ್ತೊಂದು."

"ಅವರು ಗೆಲ್ಲುವುದಿಲ್ಲ" ಅಂದೆ.

"ಗೊತ್ತು. ಆದರೆ ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಅದೇ ವಾಕ್ಯ ಕೇಳುತ್ತಿದ್ದೇನೆ. ಮೊದಲು ಒಂದಕ್ಷರ ತಿಳಿಯುತ್ತಿರಲಿಲ್ಲ. ಈಗ ಪೂರ್ತಿ ತಿಳಿಯುತ್ತದೆ. ಪಟ್ಟಿಯಲ್ಲಿರುವ ಉಳಿದ ಮೂವತ್ತು ಜನ ನನಗೆ ಒಂದು ದಿನವೂ ಏನೂ ಹೇಳಿಲ್ಲ."

ಮೂರು ಹಾಳೆ

ಮತಗಟ್ಟೆ ಇದ್ದದ್ದು ಶಾಲೆಯ ಜಿಮ್ಮಿನಲ್ಲಿ. ಕೈಗೆ ಸ್ಯಾನಿಟೈಸರ್, ಒರೆಸಿಟ್ಟ ಕೆಂಪು ಪೆನ್ಸಿಲ್, ಮೂರು ಮತಪತ್ರ. ಎಲ್ಲ ಪಾರ್ಟಿಯ ಎಲ್ಲ ಹೆಸರುಗಳೂ ಒಂದೇ ಹಾಳೆಯಲ್ಲಿ, ಬಿಡಿಸಿದರೆ ಜಮಖಾನೆಯಷ್ಟಾಗುತ್ತದೆ. ನಾನು ಮೂರನ್ನೂ ಒಟ್ಟಿಗೆ ಬಿಡಿಸಿದೆ. ಪಕ್ಕದ ಗೂಡಿನಿಂದ ಒಬ್ಬ ಗಂಡಸಿನ ದನಿ ಕೇಳಿತು. "ಮೇಡಂ, ನಿಮ್ಮ ಹಾಳೆ ಅರ್ಧ ನನ್ನ ಕಡೆ ಬಂದಿದೆ. ಇನ್ನೇನು ನಾನೇ ಗುರುತು ಹಾಕುವವನಿದ್ದೆ."

ನಮ್ಮ ಮನೆಯವರದು ಮಾಸ್ತರರಿಗೆ ಹಾಕಿದೆ. ಅಜ್ಜಿಯದು ಮೂವತ್ತೊಂದಕ್ಕೆ ಹಾಕಿದೆ. ಮೂರನೆಯದು ನನ್ನದು. ಅದೇ ಪಟ್ಟಿಯ ನಾಲ್ಕನೇ ನಂಬರಿನಲ್ಲಿ ಒಬ್ಬ ನರ್ಸಮ್ಮ ಇದ್ದಳು. ನಮ್ಮ ಬಸ್ ಸ್ಟಾಪಿಗೆ ದೀಪ ಹಾಕಿಸುತ್ತೇನೆ ಎಂದು ಬರೆದಿದ್ದಳು. ಮೂರು ಚಳಿಗಾಲ ಆ ಕತ್ತಲಲ್ಲಿ ನಿಂತು ನಡುಗಿದವಳು ನಾನು, ನನ್ನ ಗಂಡ ಅಲ್ಲ, ಅವರು ಯುಟ್ರೆಕ್ಟಿಗೆ ರೈಲಿನಲ್ಲಿ ಹೋಗುವವರು. ಅವರಿಗೆ ಅಜ್ಜಿಯದು ಬಂತು, ಕನ್ನಡದವರು ಐದು ಜನ ಇದ್ದಾರೆ, ಸೊನ್ನೆಯಂತೂ ತಪ್ಪಿತು ಎಂದು ಲೆಕ್ಕ ಹಾಕಿ ನಾಲ್ಕನೇ ನಂಬರಿಗೆ ಕೆಂಪು ಬಳಿದೆ. ಅಜ್ಜಿಯದನ್ನೂ ಒಯ್ದದ್ದು ನಮ್ಮ ಮನೆಯವರಿಗೆ ಗೊತ್ತಿತ್ತು, ಅದು ಯಾರಿಗೆಂದು ನಾನು ಹೇಳಿರಲಿಲ್ಲ. ಮನೆಗೆ ಬಂದು ಗಂಜಿ ಕೊಡುವಾಗ ಅವರು ಬಾಗಿಲಾಚೆಯಿಂದ, "ಹಾಕಿದೇನು?" ಅಂದರು. ನಾನು, "ಮೂರೂ ಹಾಕೀನಿ" ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮರು ಎಣಿಕೆ

ಕೆಲವು ದಿನಗಳ ಮೇಲೆ ಖೆಮೇಂಟೆ ಪೂರ್ತಿ ಪಟ್ಟಿ ಹಾಕಿತು. ಅಷ್ಟು ಹೊತ್ತಿಗೆ ನಮ್ಮ ಮನೆಯವರು ಅಟ್ಟ ಇಳಿದಿದ್ದರು. ಅವರಿಗೆ ನೋಡುವ ಧೈರ್ಯವಿಲ್ಲ, ಕಣ್ಣು ಮುಚ್ಚಿಕೊಂಡು ಕೂತರು. ಮಗಳು ಲ್ಯಾಪ್‌ಟಾಪಿನಲ್ಲಿ ಕೆಳಗೆ ಕೆಳಗೆ ಹೋಗಿ ಹೇಳಿದಳು.

"ಪಪ್ಪಾ, ಯು ಹ್ಯಾವ್ ಒನ್."

ಇಡೀ ಊರಿಗೆ ಒಂದು. ಕನ್ನಡದ ಐದು ಜನಕ್ಕೆ ನಾನೇ ಫೋನ್ ಮಾಡಿ ಕೇಳಿದೆ. ಒಬ್ಬ ಹುಡುಗ ನಾಚಿಕೊಂಡು ಹೇಳಿದ. "ಅಕ್ಕಾ, ಉಳಿದ ನಾಲ್ಕು ಜನ ಹೇಗೂ ಹಾಕ್ತಾರೆ ಅಂತ ನಾನು ಸ್ವಿಮ್ಮಿಂಗ್ ಪೂಲ್ ಕಟ್ಟಿಸ್ತೀವಿ ಅಂದ ಪಾರ್ಟಿಗೆ ಹಾಕ್ಬಿಟ್ಟೆ." ಉಳಿದ ನಾಲ್ವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಅವರನ್ನು ಬೈಯಲು ನನಗೆ ಬಾಯೆಲ್ಲಿತ್ತು?

ನಮ್ಮ ಮನೆಯವರಿಗೆ ಮಾತ್ರ ಯಾರ ಮೇಲೂ ಸಿಟ್ಟಿಲ್ಲ. ಅಡುಗೆಮನೆಗೆ ಬಂದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು, "ಊರೆಲ್ಲಾ ಬಿಟ್ರೂ ನೀ ಬಿಡ್ಲಿಲ್ಲ ನೋಡು" ಎಂದರು. ಆಗಲೇ ಹೇಳಬೇಕಿತ್ತು. ಹದಿನಾರು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಎರಡೋ ಮೂರೋ ಸಲ. ನಾನು ಲಟ್ಟಿಸುತ್ತಲೇ ಹೋದೆ, ಚಪಾತಿ ಹರಿಯಿತು.

ಸಂಜೆ ಅಜ್ಜಿ ಬೇಲಿಯಾಚೆಯಿಂದ ಅವರಿಗೆ ಅಭಿನಂದನೆ ಹೇಳಿ, ಎಷ್ಟು ಬಂತು ಎಂದು ಕೇಳಿದರು.

"ಒಂದು" ಎಂದರು ಇವರು ಹೆಮ್ಮೆಯಿಂದ.

ಅಜ್ಜಿಯ ಹುಬ್ಬು ಗಂಟಿಕ್ಕಿತು. "ಒಂದು ಹೇಗಾಗುತ್ತದೆ? ನನ್ನದೊಂದು, ನಿನ್ನ ಹೆಂಡತಿಯದೊಂದು. ಎರಡಾಗಬೇಕು. ಒಂದು ಮತ ಕಳೆದುಹಾಕಿದ್ದಾರೆ. ಸುಮ್ಮನಿರಬೇಡ, ಮರು ಎಣಿಕೆ ಕೇಳು."

ನಮ್ಮ ಮನೆಯವರ ಮೈಮೇಲೆ ಗದಗಿನ ರಾಜಕಾರಣವೆಲ್ಲ ಒಮ್ಮೆಲೇ ಬಂತು. "ಪ್ರಶ್ನೆ ನಂದಲ್ಲ, ನಿನ್ನ ಹಕ್ಕಿಂದು" ಎಂದು ನನಗೇ ಭಾಷಣ ಮಾಡಿ, ಖೆಮೇಂಟೆಗೆ ಡಚ್ಚಿನಲ್ಲಿ ಎರಡು ಪುಟದ ಪತ್ರ ಬರೆದರು. ತಂದು ನನ್ನ ಮುಂದಿಟ್ಟರು. ಕೊನೆಯಲ್ಲಿ ನನ್ನ ಸಹಿಗೆ ಜಾಗ ಬಿಟ್ಟು, ಕೆಳಗೆ ಬರೆದಿದ್ದರು: ಸಾಕ್ಷಿ, ಅಭ್ಯರ್ಥಿಗೆ ಮತ ಹಾಕಿದ ಅವರ ಹೆಂಡತಿ.

ಪೆನ್ನು ಹಿಡಿದೆ, ಬಿಟ್ಟೆ. "ಮರು ಎಣಿಕಿ ಬ್ಯಾಡ್ರಿ" ಅಂದೆ.

"ಯಾಕ?"

"ಎಣಿಕಿ ಸರಿ ಐತಿ."

ಅವರು ಪತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪತ್ರ ನೋಡಿದರು. ನಾನು ಬಸ್ ಸ್ಟಾಪು, ಕತ್ತಲೆ, ನರ್ಸಮ್ಮ ಎಲ್ಲ ಒಂದೇ ಉಸಿರಿಗೆ ಹೇಳಿದೆ. ತಪ್ಪಾಯಿತು ಅಂತಲೂ ಹೇಳಿದೆ.

"ಆಕಿ ಗೆದ್ಲೇನು?" ಅಂದರು.

"ಗೆದ್ದಾಳ."

"ಹೋಗ್ಲಿ ಬಿಡು, ದೀಪ ಅರ ಬರ್ತೈತಿ" ಎಂದು ಪತ್ರ ಮಡಚಿ, ಗದಗಿಗೆ ಫೋನ್ ಮಾಡಿ, ಒಂದು ಬಂದಿದೆ, ಅದೂ ಮನೆಯವರದಲ್ಲ, ಖಾಸ್ ಡಚ್ಚರದು ಎಂದು ಅಣ್ಣನಿಗೆ ಹೇಳಿದರು. ಅಣ್ಣನಿಗೆ ಭಾರಿ ಸಂತೋಷವಾಯಿತಂತೆ. ಆಮೇಲೆ ಅಜ್ಜಿಗೆ ವಿಷಯ ತಿಳಿಸಲು ಪಕ್ಕದ ಮನೆಗೆ ಹೋದರು. ಗೋಡೆಯಾಚೆ ಅವರ ಡಚ್ಚು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅಜ್ಜಿಯ ನಗು. ಏಳು ವರ್ಷದಲ್ಲಿ ಆ ನಗುವನ್ನು ನಾವು ಕೇಳಿದ್ದು ಅದೇ ಮೊದಲು.

ಅಂದಿನಿಂದ ಅಜ್ಜಿ ನಮ್ಮ ಮನೆಯವರನ್ನು ನನ್ನ ಅಭ್ಯರ್ಥಿ ಎಂದೇ ಕರೆಯುತ್ತಾರೆ. ಬಾಗಿಲು ತೆರೆದವಳು ನಾನಾದರೆ, ಒಳಗೆ ಇಣುಕಿ ಕೇಳುತ್ತಾರೆ. "ನನ್ನ ಅಭ್ಯರ್ಥಿ ಇದ್ದಾರೆಯೇ, ಅಥವಾ ವಿರೋಧ ಪಕ್ಷ ಒಂದೇ ಇದೆಯೋ?"