ದೂಜನ ಹಲ್ಲೂ ಹನ್ನೊಂದು ಪುಟದ ರಿಪೋರ್ಟೂ

ರಿಪೋರ್ಟಿನ ಏಳನೆಯ ಪುಟದಲ್ಲಿ, ಸಿ.ಆರ್.ಪಿ. ಎಂಬ ಮೂರಕ್ಷರದ ಎದುರು ಅರವತ್ತೆರಡು ಎಂಬ ಅಂಕಿ ಕೆಂಪಗೆ ಕೂತಿತ್ತು. ಐದರೊಳಗೆ ಇರಬೇಕಂತೆ. ಅದರ ಕೆಳಗಿನ ಇ.ಎಸ್.ಆರ್. ಕೂಡ ಕೆಂಪು. ದೂಜನಿಗೆ ತನ್ನ ದೋಸೆ ಕಾವಲಿಯೂ ಎಂದಾದರೂ ಇಷ್ಟು ಕೆಂಪಗೆ ಕಾದದ್ದು ನೆನಪಾಗಲಿಲ್ಲ.

ವಿಕ್ರೋಳಿಯ ಹೋಟೆಲಿನಲ್ಲಿ ಅವನು ಹತ್ತೊಂಬತ್ತು ವರ್ಷ ದೋಸೆ ಹೊಯ್ದ ಮೇಲೆ, ಧಣಿ ಶಶಿಕಾಂತ ಶೆಟ್ಟರು ಬಾಂದ್ರಾದ ಹೊಸ ಹೋಟೆಲಿಗೆ ಅವನನ್ನೇ ಆರಿಸಿದ್ದರು. ಅಲ್ಲಿ ಗಾಜಿನ ಅಡುಗೆಮನೆ. ದೋಸೆ ಹೊಯ್ಯುವವನನ್ನು ಗಿರಾಕಿಗಳು ಕೂತಲ್ಲಿಂದಲೇ ನೋಡಬಹುದು. ಗುರುವಾರವೇ ಉದ್ಘಾಟನೆ. "ಬ್ಲಡ್ ಟೆಸ್ಟ್ ಮಾಡಿಸಿ ಬುಧವಾರ ಸಂಜೆ ಆರರೊಳಗೆ ರಿಪೋರ್ಟ್ ತಾ" ಎಂದಷ್ಟೇ ಅವರು ಫೋನಿನಲ್ಲಿ ಹೇಳಿದ್ದರು. ದೂಜ ಲ್ಯಾಬಿಗೆ ಹೋಗಿ, ಇದ್ದದ್ದರಲ್ಲೇ ದೊಡ್ಡ ಪ್ಯಾಕೇಜಿಗೆ ಧೈರ್ಯವಾಗಿ ತೋಳು ಚಾಚಿದ್ದ.

ಧೈರ್ಯಕ್ಕೆ ಕಾರಣವಿತ್ತು. ಅವನಿಗಿದ್ದದ್ದು ಒಂದೇ ಬೇನೆ, ತಿಂಗಳಿಂದ ಜುಮುಗುಡುತ್ತಿದ್ದ ಎಡದವಡೆಯ ಹಲ್ಲು. ಹಲ್ಲಿನ ಡಾಕ್ಟರ ಡ್ರಿಲ್ಲಿನ ಸದ್ದಿಗೆ ಹೆದರಿ ಅದನ್ನು ಯಾರಿಗೂ ಹೇಳಿರಲಿಲ್ಲ. ಸೂಜಿ ಚುಚ್ಚಿದ್ದು ತೋಳಿಗೆ. ಹಲ್ಲಿನ ಗುಟ್ಟು ತೋಳಿಗೆ ಹೇಗೆ ಗೊತ್ತಾದೀತು?

ಬುಧವಾರ ಬೆಳಿಗ್ಗೆ ಅವನು ರಿಪೋರ್ಟ್ ಹಿಡಿದು ಚಾಳಿನ ಏಕೈಕ ಬಿ.ಎಸ್ಸಿ. ಹರಿಣಿಯ ಬಾಗಿಲಿಗೆ ಹೋದ. ಮಾತು ಕಡಿಮೆಯ ಹುಡುಗಿ. ನೆಲ ನೋಡುತ್ತಲೇ ಹೇಳಿದಳು:

"ದೂಜ ಮಾಮ, ಇದು ರೋಗದ ಹೆಸರಲ್ಲ. ಟ್ರೇನಲ್ಲಿ ಹೋಗುವಾಗ ಧಾರಾವಿ ಕಡೆ ಹೊಗೆ ಕಾಣ್ತದಲ್ಲ? ಎಲ್ಲೋ ಬೆಂಕಿ ಉಂಟು ಅಂತ ಗೊತ್ತಾಗ್ತದೆ, ಯಾವ ಗಲ್ಲಿ ಅಂತ ಗೊತ್ತಾಗುದಿಲ್ಲ. ಹಾಗೇ ಇದು. ಮೈಯಲ್ಲಿ ಎಲ್ಲೋ ಉರಿಯೂತ. ಎಲ್ಲಿ ಅಂತ ಡಾಕ್ಟರೇ ಹುಡುಕ್ಬೇಕು."

"ಮತ್ತೆ ಈ ಇ.ಎಸ್.ಆರ್. ಎಂಥದು ಮಗಾ?"

"ನಿಮ್ಮ ರಕ್ತವನ್ನ ಸಪೂರ ಕೊಳವೆಯಲ್ಲಿ ನಿಲ್ಲಿಸ್ತಾರೆ. ಒಂದು ಗಂಟೆಯಲ್ಲಿ ಕೆಂಪು ಕಣ ಎಷ್ಟು ಕೆಳಗಿಳೀತದೆ ಅಂತ ನೋಡ್ತಾರೆ. ಉರಿಯೂತ ಇದ್ರೆ ಬೇಗ ಇಳೀತದೆ."

ದೂಜ ಸೂಜಿ ಚುಚ್ಚಿದ ತೋಳನ್ನೇ ನೋಡಿಕೊಂಡ. ತಾನಿಲ್ಲದ ಕೋಣೆಯಲ್ಲಿ, ತನ್ನದೇ ರಕ್ತ ಒಂದು ಗಂಟೆ ನಿಂತು ತನ್ನ ಮೇಲೆ ಸಾಕ್ಷಿ ಹೇಳಿತೇ!

"ಡಾಕ್ಟರ್ ಯಾಕ್ ಬೇಕ? ನಾ ಹುಡಕ್ತೀನಿ ಬಾರೋ ದೂಜಣ್ಣಾ!" ಎಂದು ಪಕ್ಕದ ಮನೆಯ ಗಂಗುಬಾಯಿ ಸೆರಗು ಸಿಕ್ಕಿಸಿ ಬಂದಳು. ಹಿಂದೆಯೇ ಅವಳ ಗಂಡ, ಗೌಂಡಿ ಕೆಲಸದ ಖಂಡಪ್ಪ. ಅವಳು ದೂಜನ ಮೊಣಕಾಲು ಹಿಂಡಿದಳು. ಅವನು ಗೋಡೆ ಟೊಳ್ಳೋ ಗಟ್ಟಿಯೋ ಎಂದು ನೋಡುವವನಂತೆ ಬೆನ್ನು ಕುಟ್ಟಿದ.

"ಇಲ್ಲೇನು?"

"ಇಲ್ಲ ಮಾರಾಯ!"

"ಹೊಟ್ಟ್ಯಾಗೇನು?"

ಕಚಗುಳಿಯಾಗಿ ದೂಜ ನಕ್ಕುಬಿಟ್ಟ. ಬೆಂಕಿ ಸಿಗಲಿಲ್ಲ.

"ಪಾಪ, ಸುಸ್ತಾಗೈತಿ, ತಿನ್ನು" ಎಂದು ಗಂಗುಬಾಯಿ ಶೇಂಗಾ ಚಿಕ್ಕಿ ಕೊಟ್ಟಳು. ಬೇಡವೆಂದರೆ ಗುಟ್ಟು ರಟ್ಟಾದೀತೆಂದು ದೂಜ ಕಚ್ಚಿದ. ಎದ್ದ ಚೀರಾಟಕ್ಕೆ ಮಾಡಿನ ಪಾರಿವಾಳಗಳೆಲ್ಲ ಹಾರಿದವು.

"ಸಿಕ್ತ್ ನೋಡ್ರಿ ಬೆಂಕಿ!" ಎಂದು ಖಂಡಪ್ಪ ಅವನನ್ನು ರಟ್ಟೆ ಹಿಡಿದು ಹಲ್ಲಿನ ಡಾಕ್ಟರಲ್ಲಿಗೆ ಎಳೆದೊಯ್ದ. ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ಹೊರಗೆ ಬಂತು. ಕಾಗದದಲ್ಲಿ ಸುತ್ತಿಕೊಟ್ಟ ಅದನ್ನು ದೂಜ ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಇಷ್ಟು ಸಣ್ಣ ಗಲ್ಲಿಯ ಹೊಗೆ ತೋಳಿನ ತನಕ ಹೋಗಿತ್ತಲ್ಲ!

ಆರಕ್ಕೆ ಐದು ನಿಮಿಷವಿರುವಾಗ, ಮಂಗಳೂರು ಬನ್ಸಿನಂತೆ ಉಬ್ಬಿದ ಕೆನ್ನೆ ಹೊತ್ತು ಅವನು ಬಾಂದ್ರಾದಲ್ಲಿ ಶೆಟ್ಟರ ಮುಂದೆ ನಿಂತ. ಶೆಟ್ಟರು ಹನ್ನೊಂದೂ ಪುಟ ತಿರುವಿದರು. ಮತ್ತೊಮ್ಮೆ ತಿರುವಿದರು.

"ಎಲ್ಲಿ ಉಂಟು ಮಾರಾಯ?"

"ಏಳನೇ ಪುಹ, ಧಣೀ" ಎಂದ ದೂಜ, ಬಾಯೊಳಗಿನ ಹತ್ತಿಯ ಎಡೆಯಿಂದ. "ಹಲ್ಲು ಹೆಗೆಸಿದೆ."

"ಹಲ್ಲು ಯಾರು ಕೇಳಿದ್ದು? ಐಡಿ ಕಾರ್ಡಿಗೆ ಹಾಕ್ಲಿಕ್ಕೆ ನಿನ್ನ ಬ್ಲಡ್ ಗ್ರೂಪ್ ಬೇಕಿತ್ತು!"

ಕಿಡ್ನಿಯಿತ್ತು, ಲಿವರಿತ್ತು, ಹಲ್ಲಿನ ಬುಡದ ಬೆಂಕಿಯೂ ಇತ್ತು. ಹನ್ನೊಂದು ಪುಟದಲ್ಲಿ ಬ್ಲಡ್ ಗ್ರೂಪ್ ಮಾತ್ರ ಇರಲಿಲ್ಲ.

ಶೆಟ್ಟರು ಅವನ ಕೆನ್ನೆಯನ್ನೂ ಅಡುಗೆಮನೆಯ ಗಾಜನ್ನೂ ನೋಡಿದರು. "ಈ ಮುಖ ಇಲ್ಲಿ ನಿಂತ್ರೆ, ದೋಸೆ ತಿಂದೇ ಹೀಗಾದದ್ದು ಅಂತಾರೆ ಜನ. ನಾಳೆ ದೋಸೆ ಹಿಟ್ಟು ರುಬ್ಬುವ ತಿಲಕ್ ಹೊಯ್ಲಿ. ನೀನು ಹಿಂದೆ ಹಿಟ್ಟು ರುಬ್ಬು. ಮೊದಲು ಹೋಗಿ ಗ್ರೂಪ್ ನೋಡಿಸಿ ಬಾ."

ದೂಜ ಮತ್ತೆ ಲ್ಯಾಬಿನ ಕುರ್ಚಿಯಲ್ಲಿ ಕೂತು ತೋಳು ಚಾಚಿದ. ಸೂಜಿ ಒಳಗಿಳಿಯಿತು. ಕೊಳವೆಗೆ ಏರುತ್ತಿದ್ದ ತನ್ನ ರಕ್ತವನ್ನು ಭಯಭಕ್ತಿಯಿಂದ ನೋಡುತ್ತ, ಲ್ಯಾಬಿನವನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ:

"ಬರೀ ಗ್ರೂಪ್ ಸಾಕು, ಭಾಯಿ. ಬೇರೆ ಎಂಥದೂ ಅದರ ಹತ್ರ ಕೇಳ್ಬೇಡಿ."