ಯಂತ್ರಕ್ಕೆ ಹಿಡಿದ ಛತ್ರಿ

ನನ್ನ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ಕಾಂಪೌಂಡನ್ನು. ನಗುವುದು, ಯೋಗಕ್ಷೇಮ ಕೇಳುವುದು ಎಲ್ಲ ಆಮೇಲಿನ ಮಾತು. ಅಷ್ಟರೊಳಗೆ ಅವರ ಕಣ್ಣು ಗೋಡೆಯ ಈ ತುದಿಯಿಂದ ಆ ತುದಿಗೆ ಓಡಿ, ಅದು ಪಕ್ಕದವರ ಜಾಗದೊಳಕ್ಕೆ ಎಷ್ಟು ನುಗ್ಗಿದೆ ಎಂದು ಲೆಕ್ಕ ಹಾಕಿ ವಾಪಸ್ಸು ಬಂದಿರುತ್ತದೆ. ಇಂಥವರನ್ನು ಗೃಹಪ್ರವೇಶಕ್ಕೆ ಕರೆಯಲು ಯಾರಿಗೆ ತಾನೇ ಧೈರ್ಯ ಬಂದೀತು? ನಮ್ಮ ನೆಂಟರಲ್ಲಿ ಕೆಲವರು ಗೋಡೆಯ ಬಣ್ಣ ಮಾಸಿದ ಮೇಲೆ ಅವರಿಗೆ ಹೇಳಿಕಳಿಸಿದ್ದುಂಟು.

ಮಾವ ಲೈಸೆನ್ಸ್ ಸರ್ವೆಯರ್. ಅಂದರೆ ಸರ್ಕಾರಿ ನೌಕರರಲ್ಲ, ಸರ್ಕಾರದ ಪರವಾನಗಿ ಪಡೆದು ಜಮೀನು ಅಳೆಯುವವರು. ಮನೆ ಕೊಳ್ಳೇಗಾಲದಲ್ಲಿ, ನಾನು ಪಾಠ ಹೇಳುವ ಹೈಸ್ಕೂಲಿನ ಹಿಂದಿನ ಬೀದಿ. ಕೆಲಸ ಮಾತ್ರ ಹನೂರು, ಯಳಂದೂರು ಕಡೆಯ ಹೊಲಗದ್ದೆಗಳಲ್ಲಿ. ಅಣ್ಣತಮ್ಮಂದಿರು ಭಾಗವಾಗಬೇಕೇ? ಮಾವನನ್ನು ಕರೆಯುತ್ತಾರೆ. ಬದುವಿನ ಮೇಲೆ ಜಗಳವೇ? ಮಾವನನ್ನು ಕರೆಯುತ್ತಾರೆ. ಊಟಕ್ಕೆ ಕರೆಯುವಾಗ ಮಾತ್ರ ಸ್ವಲ್ಪ ಯೋಚನೆ ಮಾಡುತ್ತಾರೆ.

ಮಾವ ತಮಗೆ ಹೆಣ್ಣು ನೋಡಲು ಹೊನ್ನೂರಿಗೆ ಹೋದಾಗಲೂ ಇದೇ ಕಥೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮಾವ ಹಿತ್ತಲಿನ ಕಡೆ ಕತ್ತು ಚಾಚಿ, ನಿಮ್ಮ ಕೊಟ್ಟಿಗೆಯ ಗೋಡೆ ಪಕ್ಕದವರ ಜಾಗದಲ್ಲಿದೆಯಲ್ಲ ಎಂದುಬಿಟ್ಟರಂತೆ. ಆ ಪಕ್ಕದವರಿಗೆ ಅಲ್ಲಿಯವರೆಗೂ ಅದು ಗೊತ್ತಿರಲಿಲ್ಲ. ದುರದೃಷ್ಟಕ್ಕೆ ಅವರೂ ಅಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು! ಅಷ್ಟಾದ ಮೇಲೂ ಹೆಣ್ಣು ಕೊಟ್ಟರಲ್ಲ, ಹೇಗೆ ಎಂದು ನಾನು ಒಮ್ಮೆ ಅತ್ತೆಯನ್ನು ಕೇಳಿದ್ದೆ. "ಇಂಥೋರ್ನ ಆಚೆ ಬುಡೋದ್ಕಿಂತ ಒಳಗೆ ಮಡೀಕಳದೇ ವಾಸಿ ಅಂತ ನಮ್ಮಪ್ಪ ಕೊಟ್ಬುಟ್ರು ಕಣವ್ವ" ಎಂದರು ಅತ್ತೆ.

ಒಳಗೆ ಇಟ್ಟುಕೊಂಡವರ ಪಾಡನ್ನು ಕೇಳಬೇಕೇ? ಕೆಲಸವಿಲ್ಲದ ದಿನ ಮಾವ ಮನೆಯನ್ನೇ ಅಳೆಯುತ್ತಾರೆ. ಅತ್ತೆ ಬಟ್ಟೆ ಒಣಹಾಕುವ ಹಗ್ಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಪೂರ್ವಕ್ಕೆ ಸರಿದಿರುತ್ತದೆ, ಕಾರಣ ಮೊದಲಿದ್ದ ಜಾಗದಲ್ಲಿ ಅದು ಗೋಡೆಗೆ ಸಮಾನಾಂತರವಾಗಿರಲಿಲ್ಲ. ಒಲೆಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವೆ ಟೇಪು ಹಿಡಿದು, ಗ್ರೈಂಡರನ್ನು ಪಕ್ಕಕ್ಕೆ ತಳ್ಳಿದರೆ ನಿನಗೆ ಎಷ್ಟು ನಡಿಗೆ ಉಳಿಯುತ್ತದೆ ಗೊತ್ತೇ ಎಂದು ಅತ್ತೆಗೆ ಉಪದೇಶ ಮಾಡುತ್ತಾರೆ. ಉಳಿದ ನಡಿಗೆಯನ್ನು ಅತ್ತೆ ಟೇಪಿಗೆ ಕಾಲು ತೊಡರದ ಹಾಗೆ ಸುತ್ತಿಕೊಂಡು ಹೋಗುವುದರಲ್ಲಿ ಕಳೆಯುತ್ತಾರೆ. ಒಂದು ಸಲ ದೋಸೆಯ ಗಡಿ ಒಂದು ಕಡೆ ಒಳಕ್ಕೆ ಹೋಗಿದೆ ಎಂದು ಮಾವ ತಟ್ಟೆಯ ಮುಂದೆ ಕೂತು ಆಕ್ಷೇಪಣೆ ಎತ್ತಿದರು. ಹೊಟ್ಟೆಯೊಳಕ್ಕೆ ಹೋದ ಮೇಲೆ ಗಡಿ ಯಾವುದು, ನಡು ಯಾವುದು ಎಂದು ಅತ್ತೆ ಕೇಳಿದ ಮೇಲೆಯೇ ಅವರು ದೋಸೆ ಮುರಿದದ್ದು.

ಇನ್ನು ಆ ಛತ್ರಿಯ ವಿಷಯ ಹೇಳಲೇಬೇಕು. ಮಾವನಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು, ಅಳೆಯುವ ಯಂತ್ರಕ್ಕೆ ಬಿಸಿಲು ತಾಗಬಾರದು, ತಾಗಿದರೆ ಅಳತೆ ಕೆಡುತ್ತದೆ ಎಂದು ಹೇಳಿಕೊಟ್ಟಿದ್ದರಂತೆ. ಮುಕ್ಕಾಲಿಯ ಮೇಲೆ ಕೂರಿಸಿ ದುರ್ಬೀನಿನಲ್ಲಿ ನೋಡುವ ಹಳೆಯ ಯಂತ್ರಗಳಿಗೆ ಅದು ಒಳ್ಳೆಯ ಬುದ್ಧಿಮಾತೇ. ಮಾವ ಅದನ್ನು ವ್ರತವನ್ನಾಗಿ ಮಾಡಿಕೊಂಡರು. ತಮ್ಮ ಬೋಳುತಲೆ ಕಾದ ಕಾವಲಿಯಾಗಿದ್ದರೂ ಛತ್ರಿ ಯಂತ್ರಕ್ಕೇ. ಇದನ್ನು ನೋಡಲಾರದೆ ಅತ್ತೆ ಅಂಗಡಿ ಅಂಗಡಿ ಅಲೆದು, ಒಳಗೂ ಹೊರಗೂ ಬೆಳ್ಳಿಯ ಬಣ್ಣ ಬಳಿದ, ಬಿಸಿಲಿನ ಒಂದು ಎಳೆಯನ್ನೂ ಬಿಡದ ದೊಡ್ಡ ಛತ್ರಿಯೊಂದನ್ನು ಅವರ ತಲೆಗೆಂದು ತಂದುಕೊಟ್ಟರು. ಮಾವ ಅದನ್ನು ಬಿಚ್ಚಿ, ತಿರುಗಿಸಿ, ಮೆಚ್ಚಿ, ಮಾರನೆಯ ದಿನವೇ ಯಂತ್ರಕ್ಕೆ ಹಿಡಿದರು.

ಲೊಕ್ಕನಹಳ್ಳಿಯಲ್ಲಿ ಕಾಡಂಚಿನ ಹೊಲವೊಂದನ್ನು ಅಳೆಯುವಾಗ ಆನೆ ಬಂತಂತೆ. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಮಾವನೂ ಓಡಿದರು, ಆದರೆ ಯಂತ್ರವನ್ನು ಹೆಗಲ ಮೇಲೆ ಹೊತ್ತು, ಅದರ ಮೇಲೆ ಛತ್ರಿ ಬಿಚ್ಚಿ ಹಿಡಿದುಕೊಂಡು! ಆ ಬೆಳ್ಳಿಯ ಛತ್ರಿ ಬಿಸಿಲಿಗೆ ಥಳಥಳ ಹೊಳೆದದ್ದನ್ನು ಕಂಡು ಆನೆಯೇ ದಿಗಿಲುಬಿದ್ದು ಕಾಡಿಗೆ ತಿರುಗಿತೆಂದು ಆ ಊರಿನವರು ಈಗಲೂ ಹೇಳುತ್ತಾರೆ. ನಾನು ನಂಬಿದ್ದೇನೆ.

ಹೀಗಿರುವಾಗ ಸುದ್ದಿ ಬಂತು. ಪರವಾನಗಿ ನವೀಕರಣವಾಗಬೇಕಾದರೆ ಲೈಸೆನ್ಸ್ ಸರ್ವೆಯರುಗಳು ಹೊಸ ಯಂತ್ರದ ತರಬೇತಿಗೆ ಹಾಜರಾಗಿ, ಕೊನೆಯಲ್ಲಿ ಪರೀಕ್ಷೆ ಪಾಸಾಗಬೇಕು! ಹೊಸ ಯಂತ್ರದ ಹೆಸರು ರೋವರ್. ನೋಡಲು ಉದ್ದನೆಯ ಕೋಲು, ಅದರ ತಲೆಯ ಮೇಲೊಂದು ದಪ್ಪ ಬಟ್ಟಲು. ಉಪಗ್ರಹಗಳಿಂದ ಬರುವ ಸಂಕೇತವನ್ನು ಆ ಬಟ್ಟಲು ಹಿಡಿಯುತ್ತದೆ, ಕೋಲಿಗೆ ಕಟ್ಟಿದ ಪುಟ್ಟ ಪರದೆಯ ಮೇಲೆ 'ಫಿಕ್ಸ್' ಎಂದು ಬಂದರೆ ನಾವು ನಿಂತ ಜಾಗ ಸರಿಯಾಗಿ ಸಿಕ್ಕಿತೆಂದು ಅರ್ಥ. ಇಷ್ಟನ್ನು ನನಗೆ ಮಾವನೇ ವಿವರಿಸಿದರು. ನಾನು ಸಮಾಜ ವಿಜ್ಞಾನದ ಟೀಚರು, ತಲೆಯಾಡಿಸಿದೆ.

ಮನೆಯಲ್ಲಿ ದಿಗಿಲು ಹತ್ತಿದ್ದು ಬೇರೆ ಕಾರಣಕ್ಕೆ. ಪರವಾನಗಿ ಹೋದರೆ ಮಾವ ಹೊಲಕ್ಕೆ ಹೋಗುವಂತಿಲ್ಲ. ಹೊಲಕ್ಕೆ ಹೋಗದಿದ್ದರೆ ದಿನವಿಡೀ ಮನೆಯಲ್ಲೇ ಇರುತ್ತಾರೆ. ಇಡೀ ದಿನ, ಪ್ರತಿದಿನ, ಟೇಪಿನ ಜೊತೆ! ಈ ತರಬೇತಿ ಪಾಸಾಗಲಿ ಎಂದು ಅತ್ತೆ ಹರಕೆ ಹೊತ್ತರು. ಅಕ್ಕಪಕ್ಕದ ಮನೆಯವರೂ ಹೊತ್ತಿದ್ದರೆ ಆಶ್ಚರ್ಯವಿಲ್ಲ.

ತರಬೇತಿ ಯಳಂದೂರಿನಲ್ಲಿ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಿನಾ ಬಸ್ಸು ಹಿಡಿದು ಹೋಗಿ, ಮೊದಲನೆಯ ಸಾಲಿನಲ್ಲಿ ಕೂತು, ಪ್ರಶ್ನೆ ಕೇಳಿ ಕೇಳಿ ಪಾಠ ಹೇಳುವವರ ಬೆವರಿಳಿಸಿದರು. ಅಭ್ಯಾಸದ ಹೊತ್ತಿನಲ್ಲಿ ಇವರ ಗುಂಪಿನಲ್ಲಿ ಕೋಲು ಹಿಡಿದವರು ಬೇರೆಯವರು, ಮಾವ ಲೆಕ್ಕ ನೋಡಿಕೊಂಡರು. ಪರೀಕ್ಷೆಯ ದಿನ ಮಾತ್ರ ಒಬ್ಬೊಬ್ಬರೇ ಹೋಗಿ ಮೈದಾನದಲ್ಲಿ ನೆಟ್ಟ ಗೂಟಗಳ ಜಾಗ ಹಿಡಿಯಬೇಕು. ಎಲ್ಲರಿಗೂ 'ಫಿಕ್ಸ್' ಬಂತು. ಮಾವನಿಗೆ ಬರಲಿಲ್ಲ. ಗೂಟದಿಂದ ಗೂಟಕ್ಕೆ ಹೋದರು, ಕಾದರು, ಯಂತ್ರ ಬದಲಾಯಿಸಿ ನೋಡಿದರು, ಊಹೂಂ. ಪರೀಕ್ಷೆ ಮಾಡುವವರು ದೂರದ ಶಾಮಿಯಾನದಲ್ಲಿ ಕೂತಿದ್ದರು. ಮುಂದಿನ ತಂಡದ ಜೊತೆ ಇನ್ನೊಮ್ಮೆ ಬನ್ನಿ, ಅದೇ ಕೊನೆಯ ಅವಕಾಶ ಎಂದು ಸಮಾಧಾನ ಹೇಳಿ ಕಳಿಸಿದರು.

ಮಾವ ಮನೆಗೆ ಬಂದು ಟೇಪನ್ನು ಬೀರುವಿನೊಳಗೆ ಇಟ್ಟರು. ಮೊದಲು ನಮಗೆಲ್ಲ ನೆಮ್ಮದಿಯೇ ಆಯಿತು, ಯಾಕೆ ಸುಳ್ಳು ಹೇಳಲಿ? ಬಟ್ಟೆಯ ಹಗ್ಗ ಇದ್ದಲ್ಲೇ ಇತ್ತು. ಗ್ರೈಂಡರು ಕದಲಲಿಲ್ಲ. ಒಂದು ಸಂಜೆ ನಾನು ಶಾಲೆಯಿಂದ ಹೊರಡುವಾಗ ಅತ್ತೆ ಫೋನು ಮಾಡಿದರು.

"ನಿಮ್ ಮಾವ ಮನೆ ಅಳೀತಿಲ್ಲ ಕಣವ್ವ. ದ್ವಾಸೆ ಸೊಟ್ಟುಗೇ ಉಯ್ದು ಕೊಟ್ಟೆ, ಸುಮ್ನೆ ತಿನ್ಕಂಡು ಎದ್ದೋದ್ರು."

ಬೇಕೆಂದೇ ಸೊಟ್ಟಗೆ ದೋಸೆ ಹೊಯ್ದಿದ್ದರು ಅತ್ತೆ! ಒಂದು ಮಾತಾದರೂ ಆಡಲಿ ಎಂದು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹೋಗಿ ನೋಡಿದರೆ ಮಾವ ಜಗಲಿಯ ಮೇಲೆ ಕೂತಿದ್ದರು. ಎದುರುಮನೆಯವರು ಹೊಸದಾಗಿ ಕಾಂಪೌಂಡು ಕಟ್ಟಿಸುತ್ತಿದ್ದರು, ದಾರ ಕಟ್ಟಿ ಕಲ್ಲು ಇಡುತ್ತಿದ್ದರು. ಮಾವ ಅದರ ಕಡೆಗೆ ತಿರುಗಿಯೂ ನೋಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಎರಡನೆಯ ಪರೀಕ್ಷೆಗೆ ನಾನು ರಜೆ ಹಾಕಿ ಜೊತೆಗೆ ಹೋದೆ. ಅತ್ತೆಯೂ ಹೊರಟರು. ಉರಿಬಿಸಿಲು. ಮೈದಾನದ ಅಂಚಿನಲ್ಲಿ ನೆರಳಿಗೆಂದು ಒಂದು ಗಿಡವೂ ಇರಲಿಲ್ಲ. ಮಾವನ ಸರದಿ ಬಂತು. ಅವರು ನಮಗೆ ಹತ್ತಿರವಿದ್ದ ಮೊದಲ ಗೂಟಕ್ಕೆ ಹೋಗಿ ಕೋಲನ್ನು ನೇರ ಮಾಡಿ ನಿಲ್ಲಿಸಿದರು. ಆಮೇಲೆ ಕಂಕುಳಲ್ಲಿದ್ದ ಬೆಳ್ಳಿಯ ಛತ್ರಿಯನ್ನು ತೆಗೆದು ಬಿಚ್ಚಿ, ಕೈಯೆತ್ತಿ, ಕೋಲಿನ ತಲೆಯ ಮೇಲಿದ್ದ ಬಟ್ಟಲಿಗೆ ಭಕ್ತಿಯಿಂದ ಹಿಡಿದರು.

'ಫಿಕ್ಸ್' ಬರಲಿಲ್ಲ. ಹೇಗೆ ಬಂದೀತು?

ಆ ದಿನ ಪರೀಕ್ಷೆ ಮಾಡಲು ಬಂದಿದ್ದ ಹುಡುಗಿ ಶಾಮಿಯಾನದಲ್ಲಿ ಕೂರುವ ಜಾತಿಯವಳಲ್ಲ. ನಡೆದು ಬಂದಳು, ಮೇಲೆ ನೋಡಿದಳು, ಛತ್ರಿ ಯಾತಕ್ಕೆ ಎಂದು ಮೆಲ್ಲಗೆ ಕೇಳಿದಳು. ಯಂತ್ರಕ್ಕೆ ಬಿಸಿಲು ತಾಗಬಾರದಲ್ಲವೇ ಎಂದರು ಮಾವ. ಅವಳು ನಗಲಿಲ್ಲ, ಪುಣ್ಯಾತ್ಗಿತ್ತಿ. "ಹಳೇ ಯಂತ್ರಕ್ಕೆ ಅದೇ ಸರಿ ಸರ್. ಇದಕ್ಕೆ ಮಾತ್ರ ಆಕಾಶ ಕಾಣ್ಬೇಕು" ಎಂದಳು.

ಮಾವ ತಲೆಯೆತ್ತಿ ಛತ್ರಿಯ ಹೊಟ್ಟೆಯನ್ನು ನೋಡಿದರು. ಕಾರಣ ಅವರಿಗೆ ತಕ್ಷಣ ಹೊಳೆಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಕೈ ಇಳಿಯಲಿಲ್ಲ! ಇಷ್ಟು ವರ್ಷ ಯಂತ್ರವನ್ನು ಬಿಸಿಲಿಗೆ ಬಿಡದ ಕೈ ಅದು. ಉಪಾಯವಿಲ್ಲದೆ ನಿಂತ ಅವರನ್ನು ಕಂಡು ಅತ್ತೆ ಸರಸರನೆ ಮೈದಾನದೊಳಕ್ಕೆ ನಡೆದು ಹೋಗಿ ಕೈ ಚಾಚಿದರು. ಮಾವ ಛತ್ರಿಯನ್ನು ಅವರ ಕೈಗೆ ಕೊಟ್ಟುಬಿಟ್ಟರು. ಅತ್ತೆ ಅದನ್ನು ಮಡಿಸಿ, ಎದೆಗೆ ಅವುಚಿಕೊಂಡು ವಾಪಸ್ಸು ಬಂದು ನನ್ನ ಪಕ್ಕದಲ್ಲಿ ನಿಂತರು.

ಸ್ವಲ್ಪ ಹೊತ್ತಿಗೆ ಆ ಹುಡುಗಿ ನಮ್ಮ ಕಡೆ ತಿರುಗಿ ಹೆಬ್ಬೆರಳೆತ್ತಿದಳು. ಮಾವ ಮುಂದಿನ ಗೂಟಕ್ಕೆ ಹೊರಟಿದ್ದರು, ನಡಿಗೆಯಲ್ಲಿ ಹಳೆಯ ಗತ್ತು. ಅಬ್ಬಾ! ನನಗೆ ಉಸಿರು ಬಂತು. ಗೂಟಗಳೆಲ್ಲ ಮುಗಿದು, ಶಾಮಿಯಾನದಲ್ಲಿ ಸಹಿ ಬಿದ್ದು, ಪಾಸಾಗಿದ್ದೀರಿ ಎಂದು ಮಾವನಿಗೆ ಹೇಳಿ ಕಳಿಸುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ದುಪಟ್ಟ ಹೊದ್ದುಕೊಂಡಿದ್ದೆ. ಅತ್ತೆಯ ಮುಖ ಕೆಂಪಾಗಿ, ಬೆವರು ಕತ್ತಿಗೆ ಇಳಿದಿತ್ತು. ಛತ್ರಿ ಮಾತ್ರ ಮಡಿಸಿದ್ದು ಮಡಿಸಿದ ಹಾಗೆಯೇ ಎದೆಗೆ ಅಂಟಿಕೊಂಡಿತ್ತು.

ಹತ್ತಿರ ಬಂದ ಮಾವ ಪಾಸಾದ ವಿಷಯ ಹೇಳುವುದನ್ನು ಬಿಟ್ಟು ಅತ್ತೆಯನ್ನೇ ನೋಡಿದರು.

"ಕೊಡೆ ಕೈಲೇ ಅದೆಯಲ್ಲ. ಬಿಚ್ಕಬಾರ್ದಾಗಿತ್ತ?"

"ನಾನಿಲ್ ಬಿಚ್ಚಿ, ಅಲ್ಲಿ ನಿಮ್ ಮಿಶಿನ್ಗೆ ಸಿಗ್ದೆ ಓಗ್ಬುಟ್ರೆ?" ಎಂದರು ಅತ್ತೆ.

ಮೈದಾನದ ಆ ತುದಿಯಲ್ಲಿದ್ದ ಯಂತ್ರಕ್ಕೂ ಈ ತುದಿಯಲ್ಲಿ ಬಿಚ್ಚುವ ಛತ್ರಿಗೂ ಯಾವ ಸಂಬಂಧವೂ ಇಲ್ಲ ಎಂದು ಮಾವ ವಿವರಿಸಬಹುದಿತ್ತು. ಉಪಗ್ರಹ, ಸಂಕೇತ, ಕೋನ ಎಂದು ಅರ್ಧ ದಿನ ಪಾಠ ಹೇಳುವ ಮನುಷ್ಯ ಅವರು. ಅದೆಲ್ಲವನ್ನೂ ಬಿಟ್ಟು ಅತ್ತೆಯ ಕೈಯಿಂದ ಛತ್ರಿ ತೆಗೆದುಕೊಂಡು ಬಿಚ್ಚಿ ಅವರ ತಲೆಯ ಮೇಲೆ ಹಿಡಿದರು. ನಾನೇನು ನಿಮ್ಮ ಯಂತ್ರವೇ ಎಂದು ಅತ್ತೆ ನಾಚಿಕೊಂಡು ಸರಿದರೆ, ಛತ್ರಿಯೂ ಸರಿಯಿತು.

ಬಸ್ ಸ್ಟ್ಯಾಂಡಿನವರೆಗೂ ಅವರು ಹಾಗೆಯೇ ನಡೆದರು. ಮಾವನ ಬೋಳುತಲೆ ಎಂದಿನಂತೆ ಬಿಸಿಲಿನಲ್ಲಿ. ನಾನು ಹಿಂದೆ, ಏನೂ ಕಾಣದವಳಂತೆ. ದಾರಿಯಲ್ಲೊಂದು ಹಾರ್ಡ್‌ವೇರ್ ಅಂಗಡಿ. ಅದರ ಮುಂದೆ ಮಾವ ಇದ್ದಕ್ಕಿದ್ದಂತೆ ನಿಂತರು. ಕಣ್ಣು ಕಿರಿದು ಮಾಡಿ ಈ ತುದಿಯಿಂದ ಆ ತುದಿಗೆ ನೋಡಿದರು.

"ಈ ಮೆಟ್ಲು ರಸ್ತೆಗೆ ಬಂದುಬುಟ್ಟದೆ" ಎಂದರು, ಅಂಗಡಿಯವನಿಗೂ ಕೇಳಿಸುವ ಹಾಗೆ.

ಅಂಗಡಿಯವನು ಎದ್ದು ನಿಂತ. ಅತ್ತೆ ಛತ್ರಿಯ ನೆರಳಿನೊಳಗಿಂದಲೇ ನನ್ನ ಕಡೆ ತಿರುಗಿದರು. ನಗುತ್ತಿದ್ದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದರು.

"ಉಸಾರಾದ್ರು ಕಣವ್ವ" ಎಂದರು.