ಅವ್ವನ ಬೈಗುಳವನ್ನು ತೆಳ್ಳಗೆ ಮಾಡಿದ್ದು

ನನಗೆ ಬೀಡಿ, ಇಸ್ಪೀಟು, ಹೆಂಡ ಯಾವುದರ ಚಟವೂ ಇಲ್ಲ. ಹೀಗೆಂದು ನನ್ನ ಹೆಂಡತಿ ಬಂದವರೆದುರು ಹೇಳಿಕೊಳ್ಳುವಾಗ ನಾನು ಸುಮ್ಮನೆ ತಲೆ ತಗ್ಗಿಸಿ ಕೂರುತ್ತೇನೆ. ಆದರೆ ಒಂದು ಚಟವಿದೆ, ಅದು ಇವೆಲ್ಲಕ್ಕಿಂತ ಹಳೆಯದು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ತಲುಪಿಸುವಾಗ ಅದರ ಖಾರ, ಹುಳಿ, ಉಪ್ಪು ಎಲ್ಲವನ್ನೂ ತೆಗೆದು ಪಥ್ಯದ ಗಂಜಿ ಮಾಡಿ ಬಡಿಸುವುದು. ಇದಕ್ಕೊಂದು ಹೆಸರಿದೆ ಎಂದು ನನಗೆ ತಿಳಿದದ್ದು ಇಂಗ್ಲಿಷ್ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಅದೂ ನನ್ನ ವಿದ್ಯಾರ್ಥಿನಿಯೊಬ್ಬಳಿಂದ.

ಹುಣಸೂರಿನ ನಮ್ಮ ಹೈಸ್ಕೂಲಿನಲ್ಲಿ ಅಂದು ‘ವಾಟರ್ ಡೌನ್’ ಎಂಬ ನುಡಿಗಟ್ಟಿನ ಪಾಠ. ಬರಿಯ ನೀರು ಹುಯ್ಯುವುದಲ್ಲ, ಒಂದು ಮಾತನ್ನೋ ವರದಿಯನ್ನೋ ಕಾನೂನನ್ನೋ ಅದರ ಬಿಸಿ ತಗ್ಗುವ ಹಾಗೆ, ಯಾರಿಗೂ ನಾಟದ ಹಾಗೆ ತೆಳ್ಳಗೆ ಮಾಡುವುದಕ್ಕೂ ಹೀಗೆ ಹೇಳುತ್ತಾರೆ ಎಂದು ವಿವರಿಸಿದೆ. ಮೊದಲ ಬೆಂಚಿನ ಹುಡುಗಿ ಎದ್ದು, “ಸಾರ್, ನೀರು ಯಾವಾಗ್ಲೂ ಮೇಲಿಂದ ಕೆಳಕ್ಕೇ ತಾನೇ ಹುಯ್ಯೋದು, ಡೌನ್ ಅಂತ ಬೇರೆ ಯಾಕೆ ಹೇಳ್ಬೇಕು?” ಎಂದಳು. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಮಾಡುವಂತೆ, “ನೀನೇ ಒಂದು ಉದಾಹರಣೆ ಕೊಡು ನೋಡೋಣ” ಎಂದೆ. ಅವಳು ಯೋಚನೆಯನ್ನೇ ಮಾಡಲಿಲ್ಲ. “ಹೆಡ್ ಮಾಸ್ಟ್ರು ನಮಗೆ ಕತ್ತೆಗಳು, ದಂಡಪಿಂಡಗಳು ಅಂತ ಬೈತಾರೆ. ನೀವು ಬಂದು, ಮಕ್ಕಳು ಇನ್ನೂ ಸ್ವಲ್ಪ ಚೆನ್ನಾಗಿ ಓದಬೇಕು ಅಂದ್ರು ಹೆಡ್ ಮಾಸ್ಟ್ರು ಅಂತ ಹೇಳ್ತೀರಿ. ಅದೇ ತಾನೇ ಸಾರ್?” ಎಂದಳು. ಇಡೀ ತರಗತಿ ಬೆಂಚು ಬಡಿದು ನಕ್ಕಿತು. ನಾನೂ ನಕ್ಕೆ. ಒಳ್ಳೆಯತನಕ್ಕೆ ಸಿಕ್ಕ ಸರ್ಟಿಫಿಕೇಟು ಎಂದೇ ತಿಳಿದುಕೊಂಡೆ.

ಇನ್ನು ಮನೆಯ ವಿಷಯ. ನನ್ನ ಅವ್ವನಿಗೆ ಒಬ್ಬಳೇ ತಂಗಿ, ಸಾಲಿಗ್ರಾಮಕ್ಕೆ ಕೊಟ್ಟಿದ್ದಾರೆ. ಅಣ್ಣತಮ್ಮಂದಿರಿಲ್ಲದ ಕಾರಣ, ತಂದೆತಾಯಿ ಹೋದ ಮೇಲೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡುವ ಹೊಣೆಯನ್ನು ಅವ್ವನೇ ಹೊತ್ತುಕೊಂಡಿದ್ದಳು. ಪ್ರತಿವರ್ಷ ತಾನೇ ಹೋಗಿ, ಜೋಡಿ ಮೊರದಲ್ಲಿ ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ಬೇಳೆಬೆಲ್ಲ ಇಟ್ಟು ಕೊಟ್ಟು, ಇಬ್ಬರೂ ಒಂದಿಷ್ಟು ಅತ್ತು, ಹೋಳಿಗೆ ಉಂಡು ಬರುವುದು ಪದ್ಧತಿ. ಹೋದ ವರ್ಷ ಅವ್ವನಿಗೆ ಮೊಣಕಾಲು ನೋವು. ಬಿದಿರಿನ ಮೊರ ಸಂತೆಯಲ್ಲಿ ಮುಗಿದುಹೋಗಿತ್ತು. ನಾನು ಬುದ್ಧಿವಂತ, ಅಂಗಡಿಯಿಂದ ಹಸಿರು ಪ್ಲಾಸ್ಟಿಕ್ ಮೊರ ತಂದು, ಅದರಲ್ಲೇ ಬಾಗಿನ ತುಂಬಿಸಿ ನಾನೇ ಕೊಟ್ಟುಬಂದೆ. ಚಿಕ್ಕವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ನಾನೇನು ಪ್ಲಾಸ್ಟಿಕ್ ತಂಗಿಯೇನ್ಲಾ?” ಎಂದಳು. ಮೊರ ಹಿಡಿಸಲಿಲ್ಲವಂತೆ ಎಂದಷ್ಟೇ ಅವ್ವನಿಗೆ ಹೇಳಿದೆ; ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಇಬ್ಬರ ಬಳಿಯೂ ಫೋನಿದೆ, ಆದರೆ ಮೊದಲು ಮಾಡಬೇಕಾದವರು ಯಾರು ಎಂಬುದೇ ಜಗಳ. ಹಾಗಾಗಿ ವರ್ಷವಿಡೀ ನಾನೇ ಅವರ ಫೋನಾದೆ. ಎರಡು ಕಡೆಯ ಮಾತನ್ನೂ ತೊಳೆದು, ಹಿಂಡಿ, ಒಣಗಿಸಿ ಮುಟ್ಟಿಸುತ್ತಿದ್ದೆ. ಬೈಗುಳವನ್ನಷ್ಟೇ ಅಲ್ಲ. “ಅಕ್ಕ ಕನ್ಸಲ್ಲಿ ಬಂದಿದ್ಲು ಕಣ್ಲಾ, ನಂಗೆ ಜಡೆ ಆಕ್ತಿದ್ಲು” ಎಂದು ಚಿಕ್ಕವ್ವ ಒಮ್ಮೆ ಕಣ್ಣೊರೆಸಿಕೊಂಡಿದ್ದಳು. ಅಂಥ ಮಾತು ಹೇಳಲು ನನಗೆ ನಾಚಿಕೆ. ಮನೆಗೆ ಬಂದು, “ಚಿಕ್ಕವ್ವ ನಿನ್ನ ಕೇಳಿದ್ಲು” ಎಂದು ಹೇಳಿ ಕೈತೊಳೆದುಕೊಂಡೆ.

ಈ ವರ್ಷ ಹಬ್ಬ ಹತ್ತಿರ ಬಂತು. ಚಿಕ್ಕವ್ವ ಬಾಗಿನ ಬೇಡವೆಂದುಬಿಟ್ಟರೆ ತವರೇ ಮುಗಿದ ಹಾಗೆ ಎಂಬ ಭಯ ಅವ್ವನಿಗೆ. ನನ್ನನ್ನು ಎಚ್.ಡಿ. ಕೋಟೆಯ ತನಕ ಓಡಿಸಿ, ಮೇದರ ಹತ್ತಿರ ಹೊಸದಾಗಿ ಹೆಣೆದ ಮೊರ ತರಿಸಿದಳು. ತುಂಬಿಸುತ್ತಾ ತುಂಬಿಸುತ್ತಾ ಬೈಗುಳವೂ ಶುರುವಾಯಿತು. “ಓಗಿ ಹೇಳು ಆ ಗಯ್ಯಾಳಿಗೆ. ಮೊರ ಸಿಗ್ದೇ ಓದ್ರೆ ನಾನೇನು ಕಾಡಿಗೋಗಿ ಬಿದ್ರು ಕಡೀಬೇಕಿತ್ತಾ? ಚಿಕ್ಕೋಳಿದ್ದಾಗ ಅವ್ಳ ಸಿಂಬಳ ಒರ್ಸಿದ್ದು ನನ್ನ ಸೆರಗು ಅಂತ ಹೇಳು. ಈ ಮೊಣಕಾಲು ನೆಟ್ಟಗಿದ್ದಿದ್ರೆ ನಾನೇ ಓಗಿ ಕೆನ್ನೆಗೆರಡು ಬಾರ್ಸಿ ಕರ್ಕಂಡ್ ಬತ್ತಿದ್ದೆ ಅಂತ್ಲೂ ಹೇಳು.” ನಾನು ಎಲ್ಲದಕ್ಕೂ ಹೂಂಗುಟ್ಟಿ ಬೈಕ್ ಹತ್ತಿದೆ. ಕೆ.ಆರ್. ನಗರ ದಾಟುವಷ್ಟರಲ್ಲಿ ಅಷ್ಟನ್ನೂ ಕಾಯಿಸಿ, ಸೋಸಿ, ಮೂರೇ ಪದಕ್ಕೆ ಇಳಿಸಿದ್ದೆ.

“ಅವ್ವ ಬಾಗಿನ ಕಳ್ಸವ್ಳೆ” ಎಂದೆ. ಚಿಕ್ಕವ್ವ ಮೊರದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. “ಇನ್ನೇನಂದ್ಳು?”

“ಏನಿಲ್ಲ. ಚೆನ್ನಾಗಿರು ಅಂದ್ಳು.”

“ಬೈನಿಲ್ವಾ?”

“ಇಲ್ಲ ಬುಡು ಚಿಕ್ಕವ್ವ, ಅವ್ವ ಯಾಕೆ ಬೈತಾಳೆ?”

ಅವಳು ಮೊರವನ್ನು ನನ್ನ ಕಡೆ ಸರಿಸಿದಳು. “ವರ್ಸದಿಂದ ನೋಡ್ತಾವ್ನಿ, ಒಂದ್ ದಪಾನೂ ಬೈನಿಲ್ಲ ಅಂತೀಯ. ಬೈಯೋದೂ ಬುಟ್ಬುಟ್ಳಾ ನನ್ನ? ಹಂಗಾರೆ ಬೀದಿಯೋಳು ಆದೆ ಬುಡು ನಾನು. ತಗಂಡೋಗಪ್ಪಾ” ಎಂದು ಸೆರಗಿಗೆ ಮುಖ ಮುಚ್ಚಿಕೊಂಡಳು.

ಜಗಳವಾಗಬಾರದೆಂದು ನಾನು ತೆಗೆದಿಟ್ಟದ್ದೇ ಇವಳು ವರ್ಷದಿಂದ ಕಾಯುತ್ತಿದ್ದ ಮಾತು. ಬಾಗಿಲಲ್ಲೇ ನಿಂತು, ಜೀವಮಾನದಲ್ಲಿ ಮೊದಲ ಸಲ, ಒಂದಕ್ಷರ ಬಿಡದೆ ಒಪ್ಪಿಸಿದೆ. ಗಯ್ಯಾಳಿ, ಸಿಂಬಳ, ಸೆರಗು, ಕೆನ್ನೆಗೆರಡು, ಎಲ್ಲ. ಹಿಂದಿನ ತಿಂಗಳುಗಳ ಬಾಕಿ ಬೈಗುಳವನ್ನೂ ಸೇರಿಸಿದೆ. ಒಂದೊಂದು ಬೈಗುಳಕ್ಕೂ ಚಿಕ್ಕವ್ವನ ಮುಖದಿಂದ ಸೆರಗು ಒಂದೊಂದಂಗುಲ ಇಳಿಯಿತು. “ಬಾರಿಸ್ತೀನಿ ಅಂದ್ಳಾ? ಅಂಗೇ ಅಂದ್ಳಾ?” ಎಂದು ಎರಡೆರಡು ಸಲ ಕೇಳಿಸಿಕೊಂಡು, ಅಳುತ್ತಲೇ ನಕ್ಕಳು. “ಆ ಮೊಣಕಾಲಲ್ಲಿ ಅವ್ಳೆಲ್ಲಿ ಬಂದಾಳು? ತಡೀಲಾ, ಸೀರೆ ಬದಲಾಯ್ಸ್ಕಂಡ್ ಬತ್ತೀನಿ. ಬಾಗಿನ ಅವ್ಳ ಕೈಯಿಂದ್ಲೇ ಇಸ್ಕತೀನಿ.” ಹೀಗೆ ಆ ಬಾಗಿನ, ಬೈಕಿನ ಹಿಂದೆ ಕೂತ ಚಿಕ್ಕವ್ವನ ತೊಡೆಯೇರಿ, ಬಂದ ದಾರಿಯಲ್ಲೇ ವಾಪಸ್ ಹೊರಟಿತು.

ಹುಣಸೂರಿನಲ್ಲಿ ಅವ್ವ ಗೋಡೆ ಹಿಡಿದು ಬಾಗಿಲಿಗೆ ಬಂದಳು. “ಬಂದ್ಯಾ ಗಯ್ಯಾಳಿ” ಎಂದವಳೇ ತಂಗಿಯ ಕೆನ್ನೆಗೆ ಎತ್ತಿದ ಕೈಯಿಂದ ಕೆನ್ನೆಯನ್ನೇ ಸವರಿದಳು. ಅವರಿಬ್ಬರ ಅಳು ನೋಡಲಾರದೆ ನಾನು ಬೈಕಿನ ಕನ್ನಡಿ ಒರೆಸುತ್ತಾ ನಿಂತೆ. ಒಳಗೆ ಹೋಗುವಷ್ಟರಲ್ಲಿ ಅವರ ಲೆಕ್ಕ ತಾಳೆಯಾಗುತ್ತಿತ್ತು.

“ಕನ್ಸಲ್ಲಿ ಬಂದು ಜಡೆ ಆಕ್ದೆ ಅಂತ ಹೇಳ್ಕಳ್ಸಿದ್ನಲ್ಲಕ್ಕ, ಇವ್ನು ಹೇಳ್ನಿಲ್ವಾ?”

ಅವ್ವ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. “ನಮ್ಮದೊಂದು ವರ್ಸ ತಿನ್ಕಂಬುಟ್ಟಲ್ಲೋ ಮಗ” ಎಂದಳು, ಅಷ್ಟೇ. ಎಪ್ಪತ್ತು ದಾಟಿದವರಿಗೆ ಒಂದು ವರ್ಷವೆಂದರೆ ಎಷ್ಟು ಎಂದು ಆಗ ನನಗೆ ತಿಳಿಯಿತು. ಕಾಲಿಗೆ ಬೀಳಬೇಕು, ತಪ್ಪಾಯಿತವ್ವ ಎನ್ನಬೇಕು, ನೀವಿಬ್ಬರೂ ಎಲ್ಲಿ ಪೂರ್ತಿ ದೂರವಾಗುತ್ತೀರೋ ಎಂಬ ಹೆದರಿಕೆಗೆ ಹೀಗೆ ಮಾಡಿದೆ ಎಂದು ಬಿಚ್ಚಿ ಹೇಳಬೇಕು ಎಂದುಕೊಂಡೆ. ಎಲ್ಲವೂ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೆ.

“ಕಾಫಿ ಕುಡೀತೀರಾ?” ಎಂದೆ.

ಚಿಕ್ಕವ್ವ ಏನೂ ಅರ್ಥವಾಗದೆ ಅವ್ವನ ಮುಖ ನೋಡಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ತಪ್ಪಾಯ್ತು ಅಂತಾವ್ನೆ ಕಣೇ.”